ಏಳು ಕಿಲೋ ನೀರು

ಮೊದಲು ಬಂದದ್ದು ಕಾಲಿನ ಸೆಳೆತ ಎಂದು ನನ್ನ ನೆನಪು. ಡೈರಿ ಬೇರೆ ಹೇಳುತ್ತದೆ. ಜನವರಿಯ ಒಂದು ಪುಟದಲ್ಲಿ, ನನ್ನದೇ ಅಕ್ಷರದಲ್ಲಿ ಹೀಗಿದೆ: "ಎದೆ ಡವಡವ. ತಲೆ ಸುತ್ತು. ಪುಡಿ ಕೆಲಸ ಮಾಡುತ್ತಿದೆ!"

ಆ ಉದ್ಗಾರ ಚಿಹ್ನೆ ನೋಡಿದರೆ ಈಗ ನಾಚಿಕೆಯಾಗುತ್ತದೆ.

ಸಿದ್ದಾಪುರದ ಹತ್ತಿರದ ಕಾಫಿ ಎಸ್ಟೇಟೊಂದರಲ್ಲಿ ನಾನು ರೈಟರ್. ಕೊಯ್ದ ಹಣ್ಣಿನ ತೂಕ, ಕಣದಲ್ಲಿ ಒಣಗಿದ ಮೇಲಿನ ತೂಕ, ಎರಡನ್ನೂ ಬರೆದಿಡುವುದು ನನ್ನ ಕೆಲಸ. ಎಂ.ಕಾಂ. ಓದಿದ್ದೇನೆ. ಆದರೂ ಮೊಬೈಲಿನಲ್ಲಿ ಬಂದ ಜಾಹೀರಾತನ್ನು ನಂಬಿದೆ. ವ್ಯಾಯಾಮ ಬೇಡ, ಪಥ್ಯ ಬೇಡ, ಬೆಳಿಗ್ಗೆ ಒಂದು ಚಮಚ ಗಿಡಮೂಲಿಕೆ ಪುಡಿ, ಹದಿನೈದು ದಿನದಲ್ಲಿ ಏಳು ಕಿಲೋ. ಡಬ್ಬಿಯೊಳಗಿನ ಚೀಟಿಯಲ್ಲಿ ಇನ್ನೊಂದು ಮಾತಿತ್ತು: ತಲೆ ಸುತ್ತಿದರೆ, ಎದೆ ಬಡಿದುಕೊಂಡರೆ, ಭೇದಿಯಾದರೆ ಹೆದರಬೇಡಿ, ಅದು ಕೊಬ್ಬು ಕರಗುವ ಲಕ್ಷಣ. ಹಾಗಾಗಿ ಮೈ ಬೇಡ ಬೇಡ ಎಂದಾಗಲೆಲ್ಲ ನಾನು ಭೇಷ್ ಎಂದುಕೊಂಡೆ.

ಏಳು ಕಿಲೋ ಇಳಿಯಿತು. ಅದು ನಿಜ. ಕಾಫಿ ಚೀಲ ತೂಗುವ ಮೆಷಿನ್ ಮೇಲೆಯೇ ನಿಂತು ನೋಡಿದ್ದೆ.

"ಏನ್ ರೈಟ್ರಮ್ಮ, ಹಿಂಗೆ ಒಣಗಿ ಹೋಗಿದೀರ? ಕಣದಲ್ಲಿ ಹರಡಿದ್ರಾ ನಿಮ್ಮನ್ನ?" ಎಂದು ಇಪ್ಪತ್ತು ವರ್ಷದಿಂದ ಇಲ್ಲಿ ಹಣ್ಣು ಕೊಯ್ಯುವ ಸೆಲ್ವಿ ನಕ್ಕಿದ್ದಳು. ಅದನ್ನೂ ಹೊಗಳಿಕೆ ಎಂದೇ ಬರೆದುಕೊಂಡಿದ್ದೇನೆ.

ಮೂರು ದಿನದ ನಂತರ ಅದೇ ಮೆಷಿನ್ ಪಕ್ಕದಲ್ಲಿ ಬಿದ್ದೆ.

ಕಾಲು ನನ್ನದಲ್ಲ ಅನ್ನಿಸಿತು. ಏಳಲು ಆಗಲಿಲ್ಲ. ಸೆಲ್ವಿಯೇ ಎತ್ತಿ ಜೀಪಿನಲ್ಲಿ ಮಲಗಿಸಿದಳಂತೆ. ಇದು ನನ್ನ ಗಂಡ ಮಂಜು ಹೇಳಿದ್ದು. ನನಗೆ ನೆನಪಿರುವುದು ಮಡಿಕೇರಿಯ ಆಸ್ಪತ್ರೆಯ ಸೀಲಿಂಗ್ ಮಾತ್ರ. ಇಸಿಜಿ. ರಕ್ತ ಪರೀಕ್ಷೆ. ಡ್ರಿಪ್.

"ಪೊಟ್ಯಾಸಿಯಂ ತುಂಬಾ ಕೆಳಗಿದೆ. ಇನ್ನೂ ಇಳಿದಿದ್ರೆ ಹಾರ್ಟ್‌ಗೇ ತೊಂದರೆ ಆಗ್ತಿತ್ತು," ಎಂದರು ಡಾಕ್ಟರ್. "ಏನು ತಗೋತಿದ್ರಿ?"

ಮಂಜು ಮನೆಯಿಂದ ತಂದಿದ್ದ ಡಬ್ಬಿ ತೋರಿಸಿದ.

"ಇದರಲ್ಲಿ ಏನೇನು ಸೇರಿಸಿದಾರೋ ದೇವರಿಗೇ ಗೊತ್ತು. ನೀವು ಕಳ್ಕೊಂಡಿದ್ದು ಬಹುಪಾಲು ನೀರಮ್ಮ, ಕೊಬ್ಬಲ್ಲ."

ಹಣ್ಣು ಒಣಗಿದಾಗ ತೂಕ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಹೋದದ್ದು ನೀರು, ಒಳಗಿನ ಬೀಜ ಹಾಗೇ ಇರುತ್ತದೆ. ವರ್ಷ ವರ್ಷವೂ ಆ ಎರಡು ತೂಕಗಳನ್ನು ಬರೆಯುವವಳಿಗೆ ತನ್ನ ಮೈಯ ವಿಷಯದಲ್ಲಿ ಇದು ಯಾಕೆ ಹೊಳೆಯಲಿಲ್ಲವೋ.

ಆಗ ಕಾವ್ಯ ನೆನಪಾದಳು.

ಕಾವ್ಯ ನನ್ನ ನಾದಿನಿ. ಮೂರ್ನಾಡಿನಲ್ಲಿದ್ದಾಳೆ. ಹೆರಿಗೆಯಾಗಿ ನಾಲ್ಕು ತಿಂಗಳು, ಮಗುವಿಗೆ ಎದೆಹಾಲೇ ಆಹಾರ. ಮೈ ಇಳಿಯುತ್ತಿಲ್ಲ ಎಂದು ಕೊರಗುತ್ತಿದ್ದವಳಿಗೆ ಒಂದು ಡಬ್ಬಿ ಕೊಟ್ಟವಳು ನಾನು. ಡಾಕ್ಟರನ್ನು ಕೇಳಿ ತಗೋ ಎಂದಿದ್ದೆ ಎಂಬುದು ನನ್ನ ನೆನಪು. ಆಮೇಲೆ ಮನೆಗೆ ಬಂದು ತೆರೆದ ಡೈರಿಯಲ್ಲಿ ಆ ಮಾತಿಲ್ಲ. "ಕಾವ್ಯಗೆ ಕೊಟ್ಟೆ. ನಾಳೆಯಿಂದಲೇ ಶುರು ಮಾಡು ಅಂದೆ" ಎಂದಿದೆ. ವಾರದ ನಂತರ: "ಕಾವ್ಯ ಎರಡು ಕಿಲೋ ಇಳಿದಿದ್ದಾಳೆ." ಇದನ್ನು ಪುಡಿ ಮಾರುವವರ ವಾಟ್ಸಾಪ್ ಗ್ರೂಪಿಗೂ ಹಾಕಿದ್ದೆ.

ಆಸ್ಪತ್ರೆಯಿಂದಲೇ ಮಂಜು ಅವಳಿಗೆ ಫೋನ್ ಮಾಡಿದ. ಅವಳು ಎತ್ತಲಿಲ್ಲ. ಮತ್ತೆ ಮಾಡಿದ. ಇಲ್ಲ.

ಒಂದು ಗಂಟೆಯ ನಂತರ ಅವಳೇ ಬಂದಳು, ನಾನು ಬಿದ್ದ ಸುದ್ದಿ ಕೇಳಿ, ಫ್ಲಾಸ್ಕ್ ತುಂಬ ಗಂಜಿ ಹಿಡಿದು.

"ಬಸ್ಸಲ್ಲಿ ಫೋನ್ ಕೇಳಿಸ್ಲಿಲ್ಲ ಅಣ್ಣ. ಅತ್ತಿಗೆ, ಏನಿದು?"

"ಮಗು ಹೇಗಿದೆ?"

"ನಮ್ಮತ್ತೆ ಹತ್ರ ಇದೆ, ಚೆನ್ನಾಗಿದೆ. ಯಾಕೆ?"

"ಆ ಪುಡಿ ಎಷ್ಟು ದಿನ ಕುಡ್ದೆ?"

ಅವಳು ಅಣ್ಣನ ಮುಖ ನೋಡಿದಳು. "ಬೈಬೇಡಿ ಅತ್ತಿಗೆ. ಕುಡ್ದೇ ಇಲ್ಲ. ಮುಚ್ಚಳ ತೆಗ್ದ ಕೂಡ್ಲೆ ವಾಸನೆಗೇ ಹೊಟ್ಟೆ ತೊಳಸ್ತು."

"ಎರಡು ಕಿಲೋ ಇಳ್ದೆ ಅಂದ್ಯಲ್ಲ?"

"ನೀವು ಅಷ್ಟು ಖುಷಿಯಿಂದ ಕೇಳ್ತಿದ್ರಿ. ಬೇಜಾರ್ ಮಾಡ್ಕೋತೀರ ಅಂತ ಬಾಯಿಗೆ ಬಂದಿದ್ದು ಹೇಳ್ದೆ."

"ಹೇಳೋದು ಹೇಳ್ದೆ, ಐದಾದ್ರೂ ಅನ್ನಬಾರ್ದಿತ್ತಾ?" ಎಂದ ಮಂಜು.

ನಕ್ಕೆ. ನಗುತ್ತಲೇ ಅಳು ಬಂತು.

ಆ ಗ್ರೂಪಿನಲ್ಲಿ ನಾನು ಓದಿ ನಂಬಿದ ಹೊಗಳಿಕೆಗಳಲ್ಲಿ ಎಷ್ಟು ಹೀಗೆ ಇನ್ನೊಬ್ಬರ ಮನಸ್ಸು ನೋಯಿಸಬಾರದೆಂದು ಹುಟ್ಟಿದವೋ, ಎಷ್ಟನ್ನು ಮಾರುವವರೇ ಬರೆದರೋ. ನಾನು ಹಾಕಿದ್ದಂತೂ ಸುಳ್ಳಾಯಿತು. ಡಿಸ್ಚಾರ್ಜ್ ಆದ ದಿನ ನಡೆದದ್ದನ್ನೆಲ್ಲ ಅಲ್ಲಿ ಬರೆದೆ. ಹತ್ತು ನಿಮಿಷದಲ್ಲಿ ನನ್ನನ್ನು ಗ್ರೂಪಿನಿಂದ ತೆಗೆದರು. ಅಷ್ಟರೊಳಗೆ ಒಬ್ಬಾಕೆ ನನಗೇ ಬೇರೆಯಾಗಿ ಕೇಳಿದ್ದಳು: "ಮೇಡಂ, ನನಗೂ ಎದೆ ಡವಡವ ಅನ್ನುತ್ತೆ. ನಿಲ್ಲಿಸಲಾ?" ಇವತ್ತೇ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಿ ಎಂದೆ. ಹೋಗಿದ್ದಾಳೆ.

ಈಗ ಪೊಟ್ಯಾಸಿಯಂ ಸರಿಯಿದೆ. ಮೆಟ್ಟಿಲು ಹತ್ತಿದರೆ ತೊಡೆ ಸ್ವಲ್ಪ ನಡುಗುತ್ತದೆ, ಅಷ್ಟೆ. ಇಳಿದ ತೂಕದಲ್ಲಿ ಐದು ಕಿಲೋ ವಾಪಸ್ಸು ಬಂದಿದೆ. ಬಿಗಿ ಮಾಡಿಸಿದ್ದ ರವಿಕೆಗಳ ಹೊಲಿಗೆ ಬಿಚ್ಚುತ್ತ ಕೂತರೆ ವಿಚಿತ್ರ ನೆಮ್ಮದಿ.

ಕೆಲಸಕ್ಕೆ ಮರಳಿದ ದಿನ ಸೆಲ್ವಿ ಚೀಲ ಇಳಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಈಗ ನೋಡಿ ರೈಟ್ರಮ್ಮ, ಹಣ್ಣು ಥರ ತುಂಬ್ಕೊಂಡಿದೀರ."

ಡೈರಿ ತೆಗೆದೆ. ಈ ಸಲ ನನ್ನಷ್ಟಕ್ಕೆ ಅರ್ಥ ಮಾಡಿಕೊಳ್ಳುವುದು ಬೇಡ ಅನ್ನಿಸಿತು. "ಇದು ಹೊಗಳಿಕೆನೋ, ತಮಾಷೆನೋ?" ಎಂದು ಕೇಳಿದೆ.

"ಎರಡೂನು," ಅಂದಳು.

ಹಾಗೇ ಬರೆದುಕೊಂಡೆ.