ಗೋಡೆಯಾಚೆ ಹಾಡಿದವಳು

ನೆದರ್‌ಲ್ಯಾಂಡ್ಸಿನ ಬೆಸ್ಟ್ ಎಂಬ ಊರಿನಲ್ಲಿ ನಾವು ಕೊಂಡದ್ದು ಸಾಲುಮನೆ. ನಮಗೂ ಪಕ್ಕದವರಿಗೂ ನಡುವೆ ಇದ್ದದ್ದು ಒಂದೇ ಗೋಡೆ. ಹೋದ ಹೊಸತರಲ್ಲೇ ಅದರಾಚೆಯಿಂದ ಪಿಯಾನೋ ಕೇಳಿಸಿತು.

"ಇಂಗ್ಲೆಂಡಿನ ತಾತ ಅಂತೆ ಕಣೇ. ಹಾಡು ಬರೀತಿದ್ರಂತೆ, ಒಂದು ಕಾಲದಲ್ಲಿ ಭಾರಿ ಫೇಮಸ್ಸಂತೆ. ಹೋಗಿ ಒಂದು ಹಲೋ ಹೇಳ್ಬಿಟ್ಟು ಬಾ" ಎಂದ ನನ್ನ ಗಂಡ.

ನಾನು ಮೈಸೂರಿನಿಂದ ತಂದಿದ್ದ ಚಕ್ಕುಲಿ ತೆಗೆದುಕೊಂಡು ಹೋದೆ. ಮನೆಯೊಳಗೂ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದ, ಬೆನ್ನು ಬಾಗಿದ ಎತ್ತರದ ಮನುಷ್ಯ ಬಾಗಿಲು ತೆಗೆದರು. ಚಕ್ಕುಲಿ ಕಚ್ಚಿ, ಅದು ಮುರಿದ ಸದ್ದನ್ನು ಕಣ್ಣು ಮುಚ್ಚಿ ಕೇಳಿಸಿಕೊಂಡು, "ಒಳ್ಳೆ ತಾಳ" ಎಂದರು. ಅವರು ಮಾತಾಡುತ್ತಿದ್ದದ್ದು ಇಂಗ್ಲಿಷಿನಲ್ಲಿ. ನನ್ನ ನೆನಪಿನಲ್ಲಿ ಮಾತ್ರ ಅದೆಲ್ಲ ಕನ್ನಡವಾಗಿಯೇ ಉಳಿದಿದೆ.

ಆಮೇಲೆ ಮನೆಯಿಂದಲೇ ಕೆಲಸ ಮಾಡುವ ದಿನಗಳಲ್ಲಿ ಮಧ್ಯಾಹ್ನ ಅವರಲ್ಲಿಗೆ ಹೋಗುವುದು ರೂಢಿಯಾಯಿತು. ಅವರು ಹುಟ್ಟಿದ್ದು ಉತ್ತರ ಇಂಗ್ಲೆಂಡಿನ ಬಂದರು ಊರಿನಲ್ಲಿ. ಮೊದಲು ಕಲಿತದ್ದು ಚರ್ಚಿನ ಪಿಯಾನೋ ಮೇಲೆ, ಹೊಟ್ಟೆಪಾಡಿಗೆ ನುಡಿಸಿದ್ದು ಪಬ್ಬುಗಳಲ್ಲಿ. ಆಮೇಲೆ ಲಂಡನ್ನಿನ ಕಂಪನಿಯೊಂದರಲ್ಲಿ ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು, ಬೇರೆಯವರು ಹಾಡಲೆಂದು ಹಾಡು ಕಟ್ಟುವ ಕೆಲಸ. ಅದರಲ್ಲೊಂದು ಇಡೀ ದೇಶದ ಬಾಯಲ್ಲಿ ಕುಣಿಯಿತು. ಟೀವಿ, ಪ್ರವಾಸ, ಚಪ್ಪಾಳೆ ಎಲ್ಲ ಅದರ ಹಿಂದೆಯೇ ಬಂದವು. ಹಾಗೆ ಪಿಯಾನೋ ನುಡಿಸಲು ಪ್ರವಾಸ ಬಂದಾಗಲೇ ಇಲ್ಲಿನ ಹುಡುಗಿಯೊಬ್ಬಳನ್ನು ಮದುವೆಯಾಗಿ ಇಲ್ಲೇ ನಿಂತರು. ಆಕೆ ತೀರಿಕೊಂಡ ಮೇಲೆ ಹೊಸ ಹಾಡು ಕಟ್ಟಿರಲಿಲ್ಲ.

"ಆ ಹಾಡು ಹೊಳೆದದ್ದು ಹೇಗೆ?" ಎಂದು ಒಂದು ದಿನ ಕೇಳಿದೆ.

"ಹೊಳೆಯಲಿಲ್ಲಮ್ಮ, ಕೇಳಿಸಿತು. ಬಾಡಿಗೆ ಕೋಣೆಯಲ್ಲಿದ್ದೆ. ಪಕ್ಕದ ಕೋಣೆಯಲ್ಲಿ ಯಾವಳೋ ಗುನುಗುತ್ತಿದ್ದಳು. ಹೆಸರು ಕೇಳೋಣವೆಂದು ಹೋದೆ. ಮನೆ ಒಡತಿ ಬೀಗ ತೆಗೆದು ತೋರಿಸಿದಳು. ಸುತ್ತಿಟ್ಟ ಹಾಸಿಗೆ ಬಿಟ್ಟರೆ ಒಳಗೆ ಏನೂ ಇರಲಿಲ್ಲ."

ನಾನು ನಕ್ಕೆ. ಅವರು ನಗಲಿಲ್ಲ. "ಆಮೇಲಿನ ಹಾಡುಗಳನ್ನೆಲ್ಲ ನಾನೇ ಕಟ್ಟಿದೆ. ಅವು ಯಾರಿಗೂ ನೆನಪಿಲ್ಲ" ಎಂದರು.

ಚಳಿಗಾಲದಲ್ಲಿ, ನಾಲ್ಕು ಗಂಟೆಗೇ ಬೆಳಕು ಇಳಿದುಹೋಗುವ ದಿನಗಳಲ್ಲಿ, ನಾನು ಒಳಗೆ ಕಾಲಿಡುತ್ತಿದ್ದಂತೆ ಕೈ ಹಿಡಿದುಕೊಂಡರು. "ಮಂಗಳವಾರ ಹಾಡಿದೆಯಲ್ಲ, ಅದು ಏನು?"

ಮಂಗಳವಾರ ನಾನು ಆಮ್‌ಸ್ಟರ್‌ಡ್ಯಾಮಿನಲ್ಲಿ, ನಮ್ಮ ಆಫೀಸಿನಲ್ಲಿದ್ದೆ. ಗಂಡನೂ ಕೆಲಸಕ್ಕೆ ಹೋಗಿದ್ದ. ಮನೆಗೆ ಬೀಗ ಹಾಕಿತ್ತು. ಹೇಳಿದೆ. ಅವರ ಮುಖದಲ್ಲಿ ಆಶ್ಚರ್ಯ ಕಾಣಲಿಲ್ಲ. ತುಂಬಾ ದಿನ ಕಾದ ಬಸ್ಸು ಕೊನೆಗೂ ಬಂತೆನ್ನುವ ಹಾಗಿತ್ತು ಆ ಮುಖ.

ಪಿಯಾನೋ ಮುಂದೆ ಕೂತು ನುಡಿಸಿದರು. ನಾನು ಎಂದೂ ಕೇಳದ ರಾಗ. ಆದರೂ ತೋಳಿನ ಕೂದಲು ನಿಮಿರಿದವು. "ಇಲ್ಲೊಂದು ಸ್ವರ ಜಾರುತ್ತದೆ. ಅದು ಈ ಕಪ್ಪು ಬಿಳಿ ಕೀಲಿಗಳ ನಡುವೆ ಎಲ್ಲೋ ಇದೆ, ನನಗೆ ಸಿಗುತ್ತಿಲ್ಲ" ಎಂದರು. ಆಮೇಲೆ ಗೋಡೆಯಾಚೆ ಹಾಡಿದವಳ ಮಾತುಗಳನ್ನು, ಎಳೆಮಗು ನುಡಿ ಕಲಿಯುವಂತೆ, ಒಂದೊಂದೇ ಅಕ್ಷರ ಹೇಳಿದರು.

"ದೀಪ ಹಚ್ಚೇ, ಬಂದೆ."

ಕನ್ನಡ. ಅರ್ಥ ಹೇಳಿದೆ.

"ಬರುತ್ತಿರುವುದು ಯಾರು?" ಎಂದು ಕೇಳಿದರು.

ಗಂಡನಿಗೆ ಹೇಳಿದರೆ, "ಅಯ್ಯೋ, ನಾವು ಮಾತಾಡೋದು ಗೋಡೆಯಿಂದ ಕೇಳ್ಸಿರತ್ತೆ. ಸಿಂಪಲ್. ಸುಮ್ನೆ ತಲೆ ಕೆಡಿಸ್ಕೋಬೇಡ" ಎಂದ. ಇರಬಹುದು. ನಾನು ಮಾತ್ರ ಕೋಣೆಯಿಂದ ಕೋಣೆಗೆ ಹೋಗುವಾಗ ಆ ಗೋಡೆಗೆ ಬೆನ್ನು ಕೊಡುವುದನ್ನು ಬಿಟ್ಟೆ.

ತಾತ ಮಾತ್ರ ಹುಡುಗನಂತಾದರು. ಊಟ ಮರೆತು ಆ ಹಾಡಿನ ಮೇಲೆ ಕೂತರು. ಜಾರುವ ಸ್ವರವನ್ನು ನನ್ನಿಂದ ಹಾಡಿಸಿದರು. ಚಿಕ್ಕಂದಿನಲ್ಲಿ ಕಲಿತ ಸಂಗೀತದ ಧೈರ್ಯದಲ್ಲಿ ಅದೊಂದನ್ನು ಎಳೆದೆ, ಅವರು ಫೋನಿನಲ್ಲಿ ಹಿಡಿದುಕೊಂಡರು. "ಸಾಕು. ಉಳಿದದ್ದು ಅವಳದು" ಎಂದರು.

ವಸಂತ ಕಳೆಯುವ ಹೊತ್ತಿಗೆ ಆಸ್ಪತ್ರೆ ಸೇರಿದರು. ಮನೆಗೆ ಮರಳಲಿಲ್ಲ.

ಅಂತ್ಯಕ್ರಿಯೆ ಬೆಳಿಗ್ಗೆ ಇತ್ತು. ಗಾಜಿನ ಗೋಡೆಗಳ ಬೆಳಕಾದ ಸಭಾಂಗಣ, ಹೊರಗೆ ಹುಲ್ಲು ಕತ್ತರಿಸುವ ಯಂತ್ರದ ಸದ್ದು. ಹಳೆಯ ಪ್ರಸಿದ್ಧ ಹಾಡನ್ನು ಹಾಕಿದಾಗ ವಯಸ್ಸಾದವರೆಲ್ಲ ಸಣ್ಣಗೆ ದನಿ ಸೇರಿಸಿದರು. ಆಮೇಲೆ ಅವರ ಮಗಳು ಎದ್ದು, ಅಪ್ಪನ ಫೋನಿನಲ್ಲಿ ಸಿಕ್ಕ ಕೊನೆಯ ಹಾಡು ಇದು ಎಂದಳು.

ಪಿಯಾನೋ ಶುರುವಾಯಿತು. ಅದರ ಜೊತೆಗೆ ಒಂದು ಹೆಣ್ಣಿನ ದನಿ. ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ, ಎಲ್ಲೂ ತಡವರಿಸದೆ, ಕನ್ನಡದಲ್ಲಿ. ನನಗಿಂತ ವಯಸ್ಸಾದ ಕಂಠ. ಉಸಿರು ತೆಗೆದುಕೊಳ್ಳುವ ಸದ್ದೂ ಕೇಳಿಸುವಷ್ಟು ಹತ್ತಿರ.

ಗಂಡ ನನ್ನ ಕಿವಿಯ ಹತ್ತಿರ ಬಗ್ಗಿದ. "ಇಷ್ಟೆಲ್ಲ ಯಾವಾಗ ಹಾಡಿದ್ಯೇ? ನಂಗ್ ಹೇಳ್ಲೇ ಇಲ್ಲ?"

ಅದು ನಾನಲ್ಲ ಎಂದು ತಲೆಯಾಡಿಸಿದೆ. ಅವನು ನನ್ನ ಮುಖ ನೋಡಿದ, ಮೆಲ್ಲಗೆ ನನ್ನ ಕೈ ಹಿಡಿದುಕೊಂಡ. ಅವನ ಅಂಗೈ ತಣ್ಣಗಾದದ್ದು ನನಗೆ ತಿಳಿಯಿತು.

ಆಮೇಲೆ ಎಲ್ಲರಿಗೂ ಕಾಫಿ, ಕೇಕು ಕೊಟ್ಟರು. ಮಗಳು ನನ್ನನ್ನು ತಬ್ಬಿಕೊಂಡು, "ಎಷ್ಟು ಚೆನ್ನಾಗಿ ಹಾಡಿದ್ದೀರಿ. ಅಪ್ಪನ ಕಡೆಯ ದಿನಗಳಲ್ಲಿ ಜೊತೆಗಿದ್ದಿರಿ" ಎಂದು ಅತ್ತಳು. ಅವಳಿಗೆ ಆ ಹೊತ್ತಿನಲ್ಲಿ ನಿಜ ಹೇಳಲು ಬಾಯಿ ಬರಲಿಲ್ಲ. ಹಾಡನ್ನು ನಿಮಗೂ ಕಳಿಸಲೇ ಎಂದು ಕೇಳಿದಳು. ಬೇಡ ಎಂದೆ. ಅವಳ ಮುಖ ಸಣ್ಣಗಾಯಿತು. ನಾನು ಅವಳ ಕೈ ಹಿಡಿದುಕೊಂಡು, ಕಪ್ಪಿನಲ್ಲಿ ಕಾಫಿ ಆರುವವರೆಗೂ ಹಾಗೆಯೇ ನಿಂತಿದ್ದೆ.