ವೊರ್ಷಾ ಹೇಳಿದ ಹೆಸರು

ಜರ್ಮನ್ನರ ಆಳ್ವಿಕೆಯ ಬುಡಿಷಿನ್ ಪಟ್ಟಣದ ಆಚೆಗಿನ ಹಳ್ಳಿಯಲ್ಲಿ ನಲವತ್ತು ವರ್ಷ ಸೂಲಗಿತ್ತಿಯಾಗಿದ್ದ ವೊರ್ಷಾಳಿಗೆ ಓದು ಬರಹ ಬರುತ್ತಿರಲಿಲ್ಲ. ಕಾಗದ ಹಿಡಿದು ಬಂದವರನ್ನು ಅವಳು ನಂಬುತ್ತಲೂ ಇರಲಿಲ್ಲ. ಜನಗಣತಿಗೆ ಬಂದ ಜರ್ಮನ್ ಗುಮಾಸ್ತ "ನೀವು ಯಾವ ಜನ?" ಎಂದಾಗ, ಬಾಗಿಲಿಗೆ ಅಡ್ಡ ನಿಂತೇ "ಸೆರ್ಬ್ಯಾ" ಎಂದಳು. ಜರ್ಮನ್ನರ ನಡುವೆ ತಮ್ಮದೇ ಮಾತು ಉಳಿಸಿಕೊಂಡಿದ್ದ ಅವಳ ಸಣ್ಣ ಜನಾಂಗ ತಮ್ಮನ್ನು ತಾವು ಕರೆದುಕೊಳ್ಳುತ್ತಿದ್ದ ಹೆಸರು ಅದು.

ಅವನು ಗೀಚಿದ್ದು ಯಾಕೋ ತೀರ ಚಿಕ್ಕದಾಗಿ ಕಂಡಿತು. "ಏನು ಬರೆದ್ರಿ? ಓದಿ ನೋಡೋಣ."

"ವೆಂಡ್ ಅಂತ. ಜರ್ಮನ್‌ನಲ್ಲಿ ನಿಮ್ಮ ಹೆಸರು ಅದೇ ಅಲ್ವೇನಮ್ಮ? ಎರಡೂ ಒಂದೇ. ಗುರುತು ಹಾಕು."

ಸಂತೆಯಲ್ಲಿ ಆ ಹೆಸರನ್ನು ಅವಳು ಬೈಗುಳವಾಗಿಯೇ ಕೇಳಿದ್ದಳು. "ನಮ್ಮ ಮಾತಲ್ಲಿ ನಿಮ್ಮನ್ನ ನ್ಯೆಮ್ಟ್ಸ್ ಅಂತೀವಿ, ಅಂದ್ರೆ ಮೂಗ. ನಿಮ್ಮ ಹೆಸರಿನ ಮುಂದೆ ಅದನ್ನ ಬರ್ಕೋತೀರಾ ಸ್ವಾಮಿ?"

ಗುಮಾಸ್ತನ ಮುಖ ಕೆಂಪೇರಿತು. ಬರೆದದ್ದನ್ನು ಹೊಡೆದುಹಾಕಿ, "ತಗೋ, ಸೆರ್ಬ್ಯಾ ಅಂತಲೇ ಬರೆದೆ" ಎಂದ. ಅವಳು ಅದನ್ನೂ ನಂಬಲಿಲ್ಲ. ತಾನೇ ಹೆರಿಗೆ ಮಾಡಿಸಿ ಲೋಕಕ್ಕೆ ತಂದಿದ್ದ ಪಕ್ಕದ ಮನೆಯ ಯುರಿ ಮೇಷ್ಟ್ರನ್ನು ಕರೆಸಿ ಓದಿಸಿದಳು.

"ಹಾಗೇ ಇದೆ, ಅಜ್ಜಿ" ಎಂದು ಅವನು ಎರಡು ಸಲ ಹೇಳಿದ ಮೇಲಷ್ಟೇ ಕೆಳಗೆ ಸಹಿಯ ಬದಲು ಮೂರು ಶಿಲುಬೆ ಎಳೆದಳು. ದಾರಿಯಲ್ಲಿ ಮತ್ತೆ ತಿದ್ದಿಬಿಟ್ಟಾನೆಂದು, ಗುಮಾಸ್ತ ಸೇತುವೆ ದಾಟುವವರೆಗೂ ಅವನ ಕೈಯನ್ನೇ ನೋಡುತ್ತ ನಿಂತಿದ್ದಳು.