ಫೋಟೋದ ಹಿಂದಿನ ಕೀಲಿಕೈ

ನಮ್ಮ ಮನೆಯ ತಿಜೋರಿಯ ಕೀಲಿಕೈ ಇರುತ್ತಿದ್ದುದು ದೇವರ ಜಗಲಿಯ ಮೇಲೆ, ಶಿವ-ಪಾರ್ವತಿಯರ ಫೋಟೋದ ಹಿಂದೆ. ನಿಮ್ಮ ಮನೆಯಲ್ಲೂ ಅಲ್ಲೇ ಇರಬಹುದು. ಇಲ್ಲ ಅನ್ನಬೇಡಿ, ಇದು ಕಳ್ಳರಿಗೂ ಗೊತ್ತಿರುವ ವಿಷಯ. ತಿಜೋರಿಯ ಒಳಗೆ ಲಕ್ಷ್ಮಿಯ ಚಿತ್ರ ಬೇರೆ. ಹೊರಗಿನ ದೇವರು ಕೀಲಿಕೈಯನ್ನು ಕಾಯುತ್ತಾನೆ, ಒಳಗಿನ ದೇವರನ್ನು ತಿಜೋರಿ ಕಾಯುತ್ತದೆ. ಇಲ್ಲಿ ಯಾರ ಕಾವಲಿಗೆ ಯಾರಿದ್ದಾರೆ ಎಂಬುದು ನನ್ನ ಬಹು ದಿನಗಳ ಕುತೂಹಲ.

ನಾಳೆಗೆಂದು ಕೂಡಿಡಬೇಡಿ ಎಂದ ಶರಣರ ನಾಡು ನಮ್ಮದು. ಅದೇ ನಾಡಿನಲ್ಲಿ ಕಬ್ಬಿಣದ ತಿಜೋರಿ ಕೊಡದೆ ಮಗಳ ಮದುವೆ ಮುಗಿಯುವುದಿಲ್ಲ. ನನ್ನ ತಿಜೋರಿ ತವರೂರು ಸೇಡಂನಿಂದ ಶಹಾಬಾದಿಗೆ ನನ್ನ ಜೊತೆಗೇ ಟೆಂಪೊದಲ್ಲಿ ಬಂತು. ನಾನು ಅಳುತ್ತ ಬಂದೆ, ಅದು ಆರಾಮಾಗಿ ಮಲಗಿಕೊಂಡು ಬಂತು. ಒಳಗೆ ನನ್ನ ಬಂಗಾರದ ಪಾಟ್ಲಿ ಬಳೆ, ಬೋರಮಾಳ ಸರ, ಬ್ಯಾಂಕಿನ ಕಾಗದಗಳು. ಬೆಳಿಗ್ಗೆ ದೀಪ ಹಚ್ಚಿ ಕೈ ಮುಗಿಯುವಾಗ ನನ್ನ ಕಣ್ಣು ಒಮ್ಮೆ ಫೋಟೋದ ಹಿಂದೆ ಹೋಗಿ ಬರುತ್ತಿತ್ತು. ಅತ್ತೆ ಇದನ್ನು ಕಂಡುಹಿಡಿದಿದ್ದರು.

“ಕೈ ಶಿವಗ, ಕಣ್ಣು ಕೀಲಿಕೈಗಿ. ಪೂಜಾ ಯಾರಿಗಿ ಮಾಡ್ಲಿಕತ್ತಿ ಯವ್ವಾ?”

ನಾನು ನಕ್ಕು ಜಾರಿಕೊಳ್ಳುತ್ತಿದ್ದೆ.

ಕಳೆದ ಮಳೆಗಾಲದ ಒಂದು ಮಧ್ಯಾಹ್ನ ಕಾಗಿಣಾ ನದಿ ನಮ್ಮ ಓಣಿಗೇ ಬಂತು. ನಮ್ಮ ಯಜಮಾನರು ಪಕ್ಕದೂರು ವಾಡಿಯಲ್ಲಿ ಡ್ಯೂಟಿಯ ಮೇಲಿದ್ದರು. ಎದುರುಮನೆಯ ಖಾಸೀಮಣ್ಣ, ನೆಲಕ್ಕೆ ಹಾಸುವ ಫರಶಿ ಕಲ್ಲು ಹೊತ್ತು ಹೊತ್ತು ಗಟ್ಟಿಯಾದ ಆಳು, ನಮ್ಮ ಅತ್ತೆಯನ್ನು ಕೂಸಿನ ಹಾಗೆ ಎತ್ತಿಕೊಂಡು ಓಣಿ ದಾಟಿಸಿ ತನ್ನ ಮನೆಯ ಎತ್ತರದ ಕಟ್ಟೆಯ ಮೇಲೆ ಕೂರಿಸಿದ.

“ಅಕ್ಕಾ, ನೀವೂ ಲಗೂನ ಬರ್ರಿ, ನೀರು ಏರ್ಲಿಕತ್ತಾದ!”

ಬಂದೆ ಎಂದು ಕೂಗಿ ನಾನು ಮಾಡಿದ್ದೇನು? ತಿರುಗಿ ಒಳಗೆ ಓಡಿದೆ. ತಿಜೋರಿಯನ್ನಂತೂ ಹೊರಲಾರೆ, ಕೀಲಿಕೈಯಾದರೂ ಇರಲಿ ಎಂದು ಫೋಟೋದ ಹಿಂದೆ ಕೈ ಹಾಕಿ ತೆಗೆದುಕೊಂಡೆ. ಫೋಟೋವನ್ನು ಅಲ್ಲೇ ಬಿಟ್ಟೆ. ಮುಳುಗುವ ತಿಜೋರಿಯ ಕೀಲಿಕೈ ತಗೊಂಡು ಏನು ಮಾಡುತ್ತೀ ಎಂದು ಕೇಳಬೇಡಿ. ನಾನೂ ಕೇಳಿಕೊಂಡೆ, ಆದರೆ ಆಮೇಲೆ.

ಓಣಿಯಲ್ಲಿ ನೀರು ಸೊಂಟಕ್ಕೆ ಬಂದಿತ್ತು. ಕಟ್ಟೆ ಮುಟ್ಟುವಷ್ಟರಲ್ಲಿ ಸೆಳೆತಕ್ಕೆ ಕಾಲು ನಿಲ್ಲದಾಯಿತು. ಖಾಸೀಮಣ್ಣ ಬಗ್ಗಿ ನನ್ನ ಒಂದು ಕೈ ಹಿಡಿದ.

“ಇನ್ನೊಂದೂ ಕೊಡ್ರಿ ಅಕ್ಕಾ! ಒಂದ ಕೈಲೆ ಹ್ಯಾಂಗ ಎಳೀಲಿ?”

ಇನ್ನೊಂದು ಕೈಯ ಮುಷ್ಟಿಯಲ್ಲಿ ಕೀಲಿಕೈ. ಬಿಡಲು ಮನಸ್ಸಿಲ್ಲ. ನನ್ನ ಜಾಣತನ ನೋಡಿ: ಅದನ್ನು ಹಲ್ಲಿನಿಂದ ಕಚ್ಚಿಕೊಂಡು ಎರಡನೆಯ ಕೈಯನ್ನೂ ಚಾಚಿದೆ. ಅಷ್ಟರಲ್ಲಿ ಕಾಲ ಕೆಳಗಿನ ಕಲ್ಲು ಜಾರಿತು. ಸತ್ತೆ ಅಂದುಕೊಂಡೆ.

“ಯಪ್ಪಾ ಶಿವನೇ!”

ಕೂಗಬೇಕಾದರೆ ಬಾಯಿ ತೆರೆಯಬೇಕಲ್ಲ. ಕೀಲಿಕೈ ಕಾಗಿಣಾದ ಪಾಲಾಯಿತು, ನಾನು ಕಟ್ಟೆಯ ಪಾಲಾದೆ. ಖಾಸೀಮಣ್ಣ ಏದುಸಿರು ಬಿಡುತ್ತ “ಅಲ್ಲಾನ ಮೆಹರಬಾನಿ” ಎಂದ. ಅತ್ತೆ ನನ್ನ ಒದ್ದೆ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, “ನೀ ಉಳದಿ, ಸಾಕವ್ವಾ” ಎಂದು ಅತ್ತರು. ನಾನೂ ಅತ್ತುಬಿಟ್ಟೆ.

ಅಂದಿನಿಂದ ಯೋಚಿಸುತ್ತಿದ್ದೇನೆ. ಆ ಕೂಗು ನಂಬಿಕೆಯೋ, ಬರೀ ಅಭ್ಯಾಸಬಲವೋ? ಅಳೆದು ತೂಗಿ ಆರಿಸುವಷ್ಟು ಹೊತ್ತು ಸಿಕ್ಕಿದ್ದರೆ ಕೀಲಿಕೈಯನ್ನೇ ಕಚ್ಚಿ ಹಿಡಿಯುತ್ತಿದ್ದೆ, ಸುಳ್ಳೇಕೆ? ಆದರೂ ಮುಳುಗುವಾಗ ನನ್ನ ಬಾಯಿಗೆ ಬ್ಯಾಂಕಿನ ಹೆಸರು ಬರಲಿಲ್ಲ ಎಂಬುದು ಮಾತ್ರ ಖರೆ.

ನೀರಿಳಿದ ಮೇಲೆ ಫೋಟೋ ತೇಲಿಹೋಗಿ ಅಡಿಗೆಮನೆಯಲ್ಲಿ ಸಿಕ್ಕಿತು. ತಿಜೋರಿಯನ್ನು ಮೆಕ್ಯಾನಿಕ್ ಒಡೆದು ತೆಗೆದ. ಬಂಗಾರ ಉಳಿದಿತ್ತು, ಕಾಗದಗಳು ಅಂಬಲಿಯಾಗಿದ್ದವು. ಬೀಗ ಬದಲಿಸಿ ಹೊಸ ಕೀಲಿಕೈ ಬಂದ ದಿನ ರೂಢಿಯಂತೆ ಕೈ ಫೋಟೋದ ಹಿಂದೆ ಹೋಯಿತು. ಅತ್ತೆ ತಡೆದರು.

“ಅಲ್ಲಿ ಬ್ಯಾಡ ಯವ್ವಾ. ಇಷ್ಟ ವರ್ಷ ಕೀಲಿಕೈ ಕಾದಾನ. ಇನ್ನ ಮ್ಯಾಲ ಅವ ನಿನ್ನ ಕಾಯ್ಲಿ.”

ಒಪ್ಪಿದೆ. ಈಗ ಕೈ ಮುಗಿಯುವಾಗ ಕಣ್ಣು ಫೋಟೋದ ಮೇಲೇ ನಿಲ್ಲುತ್ತದೆ. ಕೀಲಿಕೈ ಎಲ್ಲಿದೆ ಎಂದು ಮಾತ್ರ ನಿಮಗೆ ಹೇಳುವುದಿಲ್ಲ. ಶಿವನ ಮೇಲೆ ನಂಬಿಕೆ ಬಂದಿದೆ, ಓದುಗರ ಮೇಲೆ ಇನ್ನೂ ಅಷ್ಟು ಬಂದಿಲ್ಲ.